ಸ್ಪ್ಯಾಮ್ ಇಮೇಲ್ ಮತ್ತು ಅದರ ಸೋಸುವಿಕೆ

ಪಡೆಯುವವರ ಒಪ್ಪಿಗೆ ಇಲ್ಲದೆ, ಒಂದೇ ಬಗೆಯ ಪತ್ರವನ್ನು ಸಗಟಾಗಿ ಅಸಂಖ್ಯ ವಿಳಾಸಗಳಿಗೆ ಕಳುಹಿಸುವ ಇಮೇಲ್‌ಗೆ ಸ್ಪ್ಯಾಮ್ ಎಂದು ಹೆಸರು. ಅಂಥ ಪತ್ರಗಳನ್ನು ಗುರುತಿಸಿ ಇನ್‌ಬಾಕ್ಸ್‌ನಿಂದ ಹೊರಗಿಡುವ ತಾಂತ್ರಿಕ ಕ್ರಮಗಳನ್ನೂ ಬಳಕೆದಾರರ ರೂಢಿಗಳನ್ನೂ ಸೇರಿಸಿ ಸ್ಪ್ಯಾಮ್ ಸೋಸುವಿಕೆ ಎನ್ನುತ್ತಾರೆ. ಒಪ್ಪಿಗೆ ಇಲ್ಲದಿರುವುದು, ಸಗಟಾಗಿರುವುದು ಎಂಬ ಎರಡು ಲಕ್ಷಣಗಳೂ ಕೂಡಿದಾಗ ಮಾತ್ರ ಪತ್ರ ಸ್ಪ್ಯಾಮ್ ಆಗುತ್ತದೆ. ಪರಿಚಯವಿಲ್ಲದ ವ್ಯಾಪಾರಿಯೊಬ್ಬ ದರ ವಿಚಾರಿಸಿ ಬರೆದ ಒಂಟಿ ಪತ್ರ ಸ್ಪ್ಯಾಮ್ ಅಲ್ಲ. ಖಾತೆದಾರರು ಒಪ್ಪಿ ತರಿಸಿಕೊಳ್ಳುವ ಬ್ಯಾಂಕಿನ ತಿಂಗಳ ಲೆಕ್ಕಪಟ್ಟಿ ಲಕ್ಷಾಂತರ ಜನರಿಗೆ ಹೋದರೂ ಸ್ಪ್ಯಾಮ್ ಅಲ್ಲ.

ಈ ಲೇಖನದಲ್ಲಿ ಸರಿಯಾದ ಪತ್ರವೊಂದು ಸ್ಪ್ಯಾಮ್ ಎಂದು ಸಿಕ್ಕಿಬೀಳುವುದನ್ನು 'ತಪ್ಪು ಹಿಡಿತ' ಎಂದೂ, ಸ್ಪ್ಯಾಮ್ ಪತ್ರ ಫಿಲ್ಟರ್ ದಾಟಿ ಇನ್‌ಬಾಕ್ಸ್ ಸೇರುವುದನ್ನು 'ನುಸುಳು' ಎಂದೂ ಕರೆಯಲಾಗಿದೆ. ಇವೆರಡೂ ತಪ್ಪುಗಳೇ ಆದರೂ ಸಮಾನವಲ್ಲ. ನುಸುಳಿದ ಜಾಹೀರಾತನ್ನು ಅಳಿಸಲು ಕ್ಷಣ ಸಾಕು. ಸಂದರ್ಶನದ ಕರೆಯೋ ತೆರಿಗೆಯ ನೋಟಿಸೋ ಸ್ಪ್ಯಾಮ್ ಕಡತಕ್ಕೆ ಬಿದ್ದು ಗಡುವು ಮೀರಿದರೆ ಅದಕ್ಕೆ ಪರಿಹಾರವಿಲ್ಲ. ಫಿಲ್ಟರ್‌ಗಳ ವಿನ್ಯಾಸವೆಲ್ಲ ಈ ಅಸಮತೆಯ ಸುತ್ತಲೇ ಬೆಳೆದಿದೆ. ವಿವರಣೆಗೆ ಬೇಕಾದ ಸ್ಥಳೀಯ ನಿದರ್ಶನಗಳನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಿಂದ ತೆಗೆದುಕೊಳ್ಳಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಸಮಸ್ಯೆಯ ಮುನ್ಸೂಚನೆ ಸಮಸ್ಯೆಗಿಂತ ಹಳೆಯದು. 1975ರ ನವೆಂಬರಿನಲ್ಲಿ ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 706 ಎಂಬ ಟಿಪ್ಪಣಿ, ಬೇಡದ ಪತ್ರ ಕಳುಹಿಸುವ ಕಂಪ್ಯೂಟರನ್ನು ನಿರಾಕರಿಸುವ ಉಪಾಯ ಆಗಿನ ಕಂಪ್ಯೂಟರ್ ಜಾಲವಾದ ಅರ್ಪಾನೆಟ್‌ನಲ್ಲಿ ಇಲ್ಲವೆಂದು ಎಚ್ಚರಿಸಿತ್ತು. ಮೂರು ವರ್ಷ ಕಳೆಯುವುದರೊಳಗೆ, 1978ರ ಮೇ 3ರಂದು, ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಮಾರಾಟ ವಿಭಾಗದ ಗ್ಯಾರಿ ಥ್ಯೂರ್ಕ್ ಹೊಸ ಕಂಪ್ಯೂಟರ್ ಮಾದರಿಯ ಪ್ರದರ್ಶನಕ್ಕೆ ಆಹ್ವಾನಿಸುವ ಪತ್ರವನ್ನು ಅರ್ಪಾನೆಟ್‌ನ ಸುಮಾರು 400 ವಿಳಾಸಗಳಿಗೆ ಕಳುಹಿಸಿದರು. ಇದನ್ನೇ ಮೊದಲ ಸ್ಪ್ಯಾಮ್ ಎಂದು ಪರಿಗಣಿಸುವ ರೂಢಿಯಿದೆ.

1982ರಲ್ಲಿ ಪೋಸ್ಟೆಲ್ ಅವರೇ ಬರೆದ ಎಸ್‌ಎಂಟಿಪಿ ನಿಯಮಾವಳಿ ಇಂದಿಗೂ ಇಮೇಲ್ ಸಾಗಣೆಯ ಬುನಾದಿ. ಪರಸ್ಪರ ಪರಿಚಯವಿದ್ದ ಸಂಶೋಧನಾ ಸಂಸ್ಥೆಗಳಿಗಾಗಿ ರೂಪಿಸಿದ್ದರಿಂದ, ಕಳುಹಿಸುವವರು ಹೇಳಿಕೊಳ್ಳುವ ಹೆಸರು ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಮುಂದಿನ ನಾಲ್ಕು ದಶಕಗಳ ಶ್ರಮದಲ್ಲಿ ದೊಡ್ಡ ಪಾಲು ಈ ಒಂದು ಕೊರತೆಯನ್ನು ತುಂಬುವುದಕ್ಕೇ ಹೋಗಿದೆ.

1994ರ ಏಪ್ರಿಲ್ 12ರಂದು ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾ ಜಾಲದ ಸಾವಿರಾರು ಗುಂಪುಗಳಲ್ಲಿ ಹರಡಿದರು. ವ್ಯಾಪಾರಿ ಸ್ಪ್ಯಾಮ್‌ನ ಯುಗ ಶುರುವಾದದ್ದು ಅಲ್ಲಿಂದ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದ ಮೇಲೆ ಇಮೇಲ್ ವಿಳಾಸ ಪುಕ್ಕಟೆಯಾಗಿ ಯಾರಿಗೆ ಬೇಕಾದರೂ ಸಿಗತೊಡಗಿತು. ಪುಕ್ಕಟೆ ಖಾತೆ ಸ್ಪ್ಯಾಮ್ ಕಳುಹಿಸುವವರಿಗೂ ಅಷ್ಟೇ ಸುಲಭವಾಗಿ ಸಿಕ್ಕಿತು ಎನ್ನುವುದು ಅದರ ಇನ್ನೊಂದು ಮುಖ.

2003ರ ಆಸುಪಾಸಿನಿಂದ ವೈರಸ್ ತಗುಲಿದ ಮನೆ-ಕಚೇರಿಗಳ ಕಂಪ್ಯೂಟರುಗಳನ್ನು ದೂರದಿಂದಲೇ ಆಳುವ ಬಾಟ್‌ನೆಟ್‌ಗಳು ಸ್ಪ್ಯಾಮ್‌ನ ಮುಖ್ಯ ಮೂಲವಾದವು. ಕಂಪ್ಯೂಟರಿನ ಮಾಲೀಕರಿಗೆ ಗೊತ್ತೇ ಆಗದಂತೆ ಅವರ ಸಂಪರ್ಕದಿಂದ ಪತ್ರಗಳು ಹೊರಡುತ್ತಿದ್ದವು. ಸ್ಪ್ಯಾಮ್ ಸಮಸ್ಯೆ ಎರಡು ವರ್ಷದಲ್ಲಿ ಬಗೆಹರಿಯುತ್ತದೆ ಎಂದು 2004ರ ಜನವರಿಯಲ್ಲಿ ದಾವೋಸ್‌ನಲ್ಲಿ ಬಿಲ್ ಗೇಟ್ಸ್ ನುಡಿದಿದ್ದರು. ಆದದ್ದು ಅದಕ್ಕೆ ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಮೆಕೋಲೊ ಎಂಬ ಒಂದೇ ಹೋಸ್ಟಿಂಗ್ ಸಂಸ್ಥೆಯ ಸಂಪರ್ಕವನ್ನು 2008ರ ನವೆಂಬರ್ 11ರಂದು ಕಡಿದಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಲೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು.

ಭಾರತದಲ್ಲಿ ಸರ್ಕಾರಿ ಸ್ವಾಮ್ಯದ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕ ಇಂಟರ್ನೆಟ್ ಸೇವೆ ತೆರೆಯಿತು. ಅಗ್ಗದ ಸಂಪರ್ಕ, ಹಳೆಯ ಹಾಗೂ ನಕಲಿ ತಂತ್ರಾಂಶ, ವೈರಸ್ ರಕ್ಷಣೆಯ ಕೊರತೆ ಸೇರಿ ದೇಶದ ಕಂಪ್ಯೂಟರುಗಳು ಬಾಟ್‌ನೆಟ್‌ಗಳಿಗೆ ಸುಲಭವಾಗಿ ವಶವಾದವು. 2012ರ ಮೊದಲ ಮೂರು ತಿಂಗಳ ಸೋಫೋಸ್ ಸಂಸ್ಥೆಯ ಪಟ್ಟಿಯಲ್ಲಿ, ಸ್ಪ್ಯಾಮ್ ರವಾನಿಸುವ ದೇಶಗಳ ಪೈಕಿ ಭಾರತ ಶೇ. 9.3ರ ಪಾಲಿನೊಂದಿಗೆ ಅಮೆರಿಕವನ್ನು ಹಿಂದಿಕ್ಕಿ ಮೊದಲ ಸ್ಥಾನದಲ್ಲಿತ್ತು.

ಇಮೇಲ್‌ನ ರಚನೆ

ಸೋಸುವಿಕೆ ಅರ್ಥವಾಗಬೇಕಾದರೆ ಇಮೇಲ್‌ನಲ್ಲಿ ಕಳುಹಿಸಿದವರ ವಿಳಾಸ ಎರಡು ಕಡೆ ಇರುತ್ತದೆ ಎಂಬುದು ತಿಳಿದಿರಬೇಕು. ಅಂಚೆಯ ಲಕೋಟೆಯ ಮೇಲೊಂದು ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಇನ್ನೊಂದು ವಿಳಾಸ ಇದ್ದ ಹಾಗೆ. ಸರ್ವರುಗಳು ಪರಸ್ಪರ ಮಾತಾಡುವಾಗ ಬಳಸುವುದು ಲಕೋಟೆಯ ವಿಳಾಸವನ್ನು. ಓದುವವರಿಗೆ ಕಾಣುವುದು ಒಳಗಿನ 'ಫ್ರಮ್' ಸಾಲು. ಇವೆರಡೂ ಒಂದೇ ಆಗಿರಬೇಕೆಂದು ಮೂಲ ನಿಯಮಾವಳಿ ಕಡ್ಡಾಯ ಮಾಡಿಲ್ಲ. ಬ್ಯಾಂಕಿನ ಹೆಸರು ಹೊತ್ತ ಪತ್ರ ಬ್ಯಾಂಕಿಗೆ ಸಂಬಂಧವೇ ಇಲ್ಲದ ಸರ್ವರಿನಿಂದ ಬರಲು ಸಾಧ್ಯವಾಗಿರುವುದು ಇದರಿಂದಲೇ.

ಪತ್ರದ ಜೊತೆ ಬರುವ, ಸಾಮಾನ್ಯವಾಗಿ ಮರೆಯಲ್ಲಿರುವ ವಿವರಗಳಿಗೆ ಹೆಡರ್ ಎಂದು ಹೆಸರು. ಪತ್ರ ಹಾದು ಬಂದ ಪ್ರತಿಯೊಂದು ಸರ್ವರ್ ಅದರಲ್ಲಿ 'ರಿಸೀವ್ಡ್' ಎಂಬ ಒಂದು ಸಾಲನ್ನು ತಲೆಯ ಮೇಲೆ ಸೇರಿಸುತ್ತ ಹೋಗುತ್ತದೆ. ಹಾಗಾಗಿ ಹೆಡರನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಪತ್ರದ ದಾರಿ ತಿಳಿಯುತ್ತದೆ. ಕೆಳಗಿನ ಸಾಲುಗಳನ್ನು ಕಳುಹಿಸಿದವರೇ ಸೃಷ್ಟಿಸಿರಬಹುದು. ಪಡೆಯುವವರ ಸ್ವಂತ ಸರ್ವರ್ ಬರೆದ ಮೇಲಿನ ಸಾಲನ್ನು ಮಾತ್ರ ನಂಬಬಹುದು. 'ಅಥೆಂಟಿಕೇಶನ್ ರಿಸಲ್ಟ್ಸ್' ಎಂಬ ಸಾಲಿನಲ್ಲಿ ಮುಂದೆ ವಿವರಿಸುವ ಮೂರು ಪರೀಕ್ಷೆಗಳ ಫಲಿತಾಂಶ 'ಪಾಸ್' ಅಥವಾ 'ಫೇಲ್' ಎಂದು ದಾಖಲಾಗಿರುತ್ತದೆ. ಜಿಮೇಲ್‌ನಲ್ಲಿ ಇದನ್ನು 'ಶೋ ಒರಿಜಿನಲ್' ಆಯ್ಕೆಯಿಂದ ನೋಡಬಹುದು. ಈ ಆಯ್ಕೆ ಬ್ರೌಸರಿನಲ್ಲಿದೆ, ಮೊಬೈಲ್ ಆ್ಯಪ್‌ನಲ್ಲಿಲ್ಲ. ಇಮೇಲನ್ನು ಮೊಬೈಲಿನಲ್ಲೇ ಓದುವ ಬಹುಸಂಖ್ಯಾತರಿಗೆ ಅತ್ಯಂತ ಉಪಯುಕ್ತ ಪುರಾವೆಯೇ ಕಣ್ಣಿಗೆ ಬೀಳುವುದಿಲ್ಲ ಎಂದಂತಾಯಿತು.

ಸೋಸುವ ವಿಧಾನಗಳು

ದೊಡ್ಡ ಇಮೇಲ್ ಸೇವೆಗಳು ಒಂದೇ ವಿಧಾನವನ್ನು ನೆಚ್ಚಿಕೊಳ್ಳುವುದಿಲ್ಲ. ಪತ್ರ ಹಂತ ಹಂತವಾಗಿ ಹಲವು ಪರೀಕ್ಷೆ ದಾಟಬೇಕಾಗುತ್ತದೆ.

ಮೊದಲ ಹಂತ, ಕಳುಹಿಸುವ ಸರ್ವರಿನ ಖ್ಯಾತಿ. ಸ್ಪ್ಯಾಮ್ ಹೊರಡಿಸಿದ ಐಪಿ ವಿಳಾಸಗಳ ಕಪ್ಪುಪಟ್ಟಿಯನ್ನು ಕೆಲವು ಸಂಸ್ಥೆಗಳು ನಿರ್ವಹಿಸುತ್ತವೆ. 1998ರಲ್ಲಿ ಸ್ಟೀವ್ ಲಿನ್‌ಫರ್ಡ್ ಸ್ಥಾಪಿಸಿದ ಸ್ಪ್ಯಾಮ್‌ಹೌಸ್ ಇವುಗಳಲ್ಲಿ ಪ್ರಮುಖ. ಪತ್ರದ ಒಳಗನ್ನು ತೆರೆಯುವ ಮೊದಲೇ ಸರ್ವರ್ ಈ ಪಟ್ಟಿಯನ್ನು ವಿಚಾರಿಸಿ ಸಂಪರ್ಕ ನಿರಾಕರಿಸಬಹುದಾದ್ದರಿಂದ ಇದು ಅತಿ ಅಗ್ಗದ ವಿಧಾನ. ಅಗ್ಗದ ಹೋಸ್ಟಿಂಗ್‌ನಲ್ಲಿ ನೂರಾರು ಸಣ್ಣ ಸಂಸ್ಥೆಗಳು ಒಂದೇ ಐಪಿ ವಿಳಾಸ ಹಂಚಿಕೊಂಡಿರುವುದು ಇದರ ದೋಷಕ್ಕೆ ಕಾರಣ: ಅವರಲ್ಲೊಬ್ಬರು ಸ್ಪ್ಯಾಮ್ ಹರಿಬಿಟ್ಟರೆ ಉಳಿದವರ ಬಿಲ್ಲು, ರಸೀದಿಗಳೂ ತಿರಸ್ಕೃತವಾಗುತ್ತವೆ. 2003ರಿಂದ ಬಳಕೆಗೆ ಬಂದ ಗ್ರೇಲಿಸ್ಟಿಂಗ್ ಇನ್ನೊಂದು ಉಪಾಯ. ಅಪರಿಚಿತ ಸರ್ವರಿಗೆ 'ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳುಹಿಸಿ' ಎಂಬ ತಾತ್ಕಾಲಿಕ ನಿರಾಕರಣೆ ಹೋಗುತ್ತದೆ. ನಿಯಮ ಪಾಲಿಸುವ ಸರ್ವರ್ ಮರಳಿ ಬರುತ್ತದೆ, ಆತುರದ ಸ್ಪ್ಯಾಮ್ ತಂತ್ರಾಂಶ ಬರುವುದಿಲ್ಲ. ಇಮೇಲ್‌ಗೆ ಬರಬೇಕಾದ ಒಟಿಪಿ ಅವಧಿ ಮುಗಿದ ಮೇಲೆ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಎರಡನೆಯದು ಗುರುತಿನ ದೃಢೀಕರಣ. ತನ್ನ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂದು ಡೊಮೇನ್‌ನ (ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರು) ಒಡೆಯರು ಸಾರ್ವಜನಿಕವಾಗಿ ಘೋಷಿಸುವ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ಡಿಕೆಐಎಂ ಪತ್ರಕ್ಕೆ ಗಣಿತೀಯ ಸಹಿ ಹಾಕುತ್ತದೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ಹೊಂದುವುದಿಲ್ಲ. ಇವೆರಡರ ಫಲಿತಾಂಶ ಓದುಗರಿಗೆ ಕಾಣುವ 'ಫ್ರಮ್' ವಿಳಾಸಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ, ಆಗದಿದ್ದರೆ ಸುಮ್ಮನೆ ಬಿಡಬೇಕೋ, ಸ್ಪ್ಯಾಮ್ ಕಡತಕ್ಕೆ ಹಾಕಬೇಕೋ, ತಿರಸ್ಕರಿಸಬೇಕೋ ಎಂಬ ಡೊಮೇನ್ ಒಡೆಯರ ಇಚ್ಛೆಯನ್ನು ತಿಳಿಸುವುದು ಡಿಎಂಎಆರ್‌ಸಿ. 2012ರಲ್ಲಿ ಹೊರಬಂದ ಇದು 2015ರಲ್ಲಿ ಆರ್‌ಎಫ್‌ಸಿ 7489 ಆಗಿ ಪ್ರಕಟವಾಯಿತು. ಈ ಮೂರೂ ಹೇಳುವುದು ಪತ್ರ ಯಾರದೆಂಬುದನ್ನು ಮಾತ್ರ. ವಂಚಕನೇ ಒಂದು ಡೊಮೇನ್ ಕೊಂಡು ಮೂರನ್ನೂ ಸರಿಯಾಗಿ ಅಳವಡಿಸಿದರೆ ಅವನ ಪತ್ರವೂ 'ಪಾಸ್' ಆಗುತ್ತದೆ.

ಮೂರನೆಯದು ಒಳವಿಷಯದ ಪರಿಶೀಲನೆ. ಜಸ್ಟಿನ್ ಮೇಸನ್ 2001ರಲ್ಲಿ ಹೊರತಂದ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಮುಕ್ತ ತಂತ್ರಾಂಶ ನೂರಾರು ನಿಯಮಗಳನ್ನು ಅನ್ವಯಿಸಿ ಪ್ರತಿಯೊಂದಕ್ಕೂ ಅಂಕ ಕೊಡುತ್ತದೆ. ಒಟ್ಟು ಅಂಕ 5 ಮುಟ್ಟಿದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪತ್ರ ಸ್ಪ್ಯಾಮ್. ಇದಕ್ಕಿಂತ ದೂರಗಾಮಿಯಾದದ್ದು ಬೇಸ್ ಸೂತ್ರವನ್ನು ಆಧರಿಸಿದ ಸಂಭವನೀಯತೆಯ ವಿಧಾನ. 1998ರಲ್ಲಿ ಸಂಶೋಧಕರು ಪ್ರಸ್ತಾಪಿಸಿದ್ದ ಇದನ್ನು 2002ರ ಆಗಸ್ಟಿನಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧ ಜನಪ್ರಿಯಗೊಳಿಸಿತು.

ಈ ವಿಧಾನದ ಲೆಕ್ಕ ಹೀಗೆ. ನೂಲಿನ ವ್ಯಾಪಾರಿಯೊಬ್ಬರ 1000 ಸ್ಪ್ಯಾಮ್ ಮತ್ತು 1000 ಸರಿಯಾದ ಪತ್ರಗಳನ್ನು ಫಿಲ್ಟರ್ ಕಲಿತಿದೆ ಎಂದು ಇಟ್ಟುಕೊಳ್ಳಬಹುದು. 'ಬಹುಮಾನ' ಎಂಬ ಶಬ್ದ 200 ಸ್ಪ್ಯಾಮ್‌ಗಳಲ್ಲೂ 2 ಸರಿಯಾದ ಪತ್ರಗಳಲ್ಲೂ ಬಂದಿದೆ. 'ನೂಲು' 1 ಸ್ಪ್ಯಾಮ್‌ನಲ್ಲೂ 60 ಸರಿಯಾದ ಪತ್ರಗಳಲ್ಲೂ ಬಂದಿದೆ. ಎರಡೂ ಶಬ್ದಗಳಿರುವ ಹೊಸ ಪತ್ರ ಬಂದಾಗ ಸ್ಪ್ಯಾಮ್‌ನ ಕಡೆ 200×1, ಅಂದರೆ 200. ಸರಿಯಾದುದರ ಕಡೆ 2×60, ಅಂದರೆ 120. ಒಟ್ಟು 320ರಲ್ಲಿ 200, ಅಂದರೆ ಸ್ಪ್ಯಾಮ್ ಆಗಿರುವ ಸಂಭವ ಶೇ. 62.5. ಮಿತಿಯನ್ನು ಶೇ. 90ಕ್ಕೆ ಇಟ್ಟಿದ್ದರೆ ಪತ್ರ ಇನ್‌ಬಾಕ್ಸ್‌ಗೇ ಬರುತ್ತದೆ. 'ಬಹುಮಾನ' ಒಂದೇ ಇದ್ದಿದ್ದರೆ ಸಂಭವ ಶೇ. 99 ಆಗಿ ಪತ್ರ ಹೊರಬೀಳುತ್ತಿತ್ತು. ಅಂದರೆ ಪತ್ರದ ನಿಜ-ಸುಳ್ಳನ್ನು ಫಿಲ್ಟರ್ ನಿರ್ಣಯಿಸುವುದಿಲ್ಲ. ಅದು ಹಿಂದೆ ಕಂಡದ್ದರ ತೂಕ ಹೇಳುತ್ತದೆ, ಆ ತೂಕ ಒಬ್ಬೊಬ್ಬರ ಪತ್ರವ್ಯವಹಾರಕ್ಕೆ ಒಂದೊಂದು ಥರ ಇರುತ್ತದೆ.

ಈಗಿನ ದೊಡ್ಡ ಸೇವೆಗಳು ಇದೇ ತತ್ವವನ್ನು ಯಂತ್ರಕಲಿಕೆಯ ಮಾದರಿಗಳಿಂದ ನಡೆಸುತ್ತವೆ. ಬಳಕೆದಾರರು ಒತ್ತುವ 'ರಿಪೋರ್ಟ್ ಸ್ಪ್ಯಾಮ್' ಮತ್ತು 'ನಾಟ್ ಸ್ಪ್ಯಾಮ್' ಗುಂಡಿಗಳು ಈ ಮಾದರಿಗಳಿಗೆ ಪಾಠ. ಒಂದೇ ಪತ್ರದ ಬಗ್ಗೆ ಸಾವಿರಾರು ಜನ ದೂರಿದರೆ ಉಳಿದವರ ಇನ್‌ಬಾಕ್ಸ್‌ಗೂ ಅದು ತಲುಪುವುದಿಲ್ಲ.

ಬಗೆಗಳು

ಜಾಹೀರಾತಿನ ಸ್ಪ್ಯಾಮ್ ಸಂಖ್ಯೆಯಲ್ಲಿ ದೊಡ್ಡದು, ಹಾನಿಯಲ್ಲಿ ಚಿಕ್ಕದು. ಸಾಲ, ಔಷಧ, ಷೇರು ಸಲಹೆ, ಪದವಿ ಪ್ರಮಾಣಪತ್ರಗಳ ಮಾರಾಟ ಇದರ ಹಳೆಯ ಸರಕು. ಮುಂಗಡ ಹಣದ ವಂಚನೆಯಲ್ಲಿ ಲಾಟರಿ, ಪರದೇಶದ ಆಸ್ತಿ ಅಥವಾ ನೌಕರಿಯ ಆಸೆ ತೋರಿಸಿ 'ಸಂಸ್ಕರಣಾ ಶುಲ್ಕ' ಕೇಳುತ್ತಾರೆ. ಫಿಶಿಂಗ್ ಎಂದರೆ ಬ್ಯಾಂಕ್, ತೆರಿಗೆ ಇಲಾಖೆ, ಕೊರಿಯರ್ ಕಂಪನಿಗಳ ವೇಷದಲ್ಲಿ ಬಂದು ಪಾಸ್‌ವರ್ಡ್ ಕದಿಯುವುದು. ಮಾಲ್‌ವೇರ್ ಸ್ಪ್ಯಾಮ್‌ನಲ್ಲಿ ಬಿಲ್ಲು ಅಥವಾ 'ಪರ್ಚೇಸ್ ಆರ್ಡರ್' ಹೆಸರಿನ ಲಗತ್ತು ಇರುತ್ತದೆ. ತೆರೆದರೆ ಕಂಪ್ಯೂಟರಿಗೆ ವೈರಸ್ ತಗಲುತ್ತದೆ, ಇಲ್ಲವೇ ಸುಳ್ಳು ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಬರಹವನ್ನು ಚಿತ್ರದೊಳಗೆ ಅಡಗಿಸುವ ಉಪಾಯ 2006ರ ಸುಮಾರಿಗೆ ಹಬ್ಬಿತು. ಇಂದು ಅದರ ಜಾಗದಲ್ಲಿ ಕ್ಯುಆರ್ ಕೋಡ್ ಬಂದಿದೆ.

ವ್ಯಾಪಾರಿ ಪಟ್ಟಣಗಳಿಗೆ ಅತಿ ಅಪಾಯಕಾರಿಯಾದದ್ದು ಬಿಲ್ಲು ತಿರುಚುವ ಇಮೇಲ್. ಕಟ್ಟುನಿಟ್ಟಾಗಿ ನೋಡಿದರೆ ಇದು ಸಗಟಲ್ಲದ ಕಾರಣ ಸ್ಪ್ಯಾಮ್‌ನ ವ್ಯಾಖ್ಯೆಗೆ ಒಳಪಡುವುದಿಲ್ಲ. ಫಿಲ್ಟರ್ ಇದನ್ನು ಹಿಡಿಯಲಾರದೆ ಸೋಲುವುದೂ ಅದಕ್ಕೇ. ಇದರ ಮಾದರಿ ಹೀಗಿರುತ್ತದೆ: ಸೀರೆ ವ್ಯಾಪಾರಿ ಮತ್ತು ಹೊರರಾಜ್ಯದ ನೂಲು ಪೂರೈಕೆದಾರರ ನಡುವೆ ವರ್ಷಗಳಿಂದ ಇಮೇಲ್‌ನಲ್ಲಿ ಬಿಲ್ಲು ಓಡಾಡುತ್ತಿರುತ್ತವೆ. ಇಬ್ಬರಲ್ಲೊಬ್ಬರ ಖಾತೆಯ ಪಾಸ್‌ವರ್ಡ್ ಸೋರಿಹೋಗಿ ಮೂರನೆಯವನು ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ದೊಡ್ಡ ಮೊತ್ತದ ಬಿಲ್ಲು ಬರುವ ದಿನ ಅದೇ ಸರಣಿಯಲ್ಲಿ, ಅದೇ ಧಾಟಿಯಲ್ಲಿ, 'ನಮ್ಮ ಹಳೆಯ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ' ಎಂಬ ಸಾಲು ಸೇರಿಕೊಳ್ಳುತ್ತದೆ. ಪತ್ರ ನಿಜವಾದ ಖಾತೆಯಿಂದಲೇ ಬಂದಿರುವುದರಿಂದ ದೃಢೀಕರಣದ ಮೂರೂ ಪರೀಕ್ಷೆ ಪಾಸ್ ಆಗುತ್ತವೆ. ಖಾತೆ ಸಂಖ್ಯೆ ಬದಲಾದಾಗ ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನ್ ಹಚ್ಚಿ ಕೇಳುವುದೊಂದೇ ಇದಕ್ಕೆ ಮದ್ದು. ಆ ಪತ್ರದಲ್ಲೇ ಕೊಟ್ಟಿರುವ ನಂಬರಿಗಲ್ಲ.

ಕನ್ನಡ ಬರಹ ಮತ್ತು ಫಿಲ್ಟರ್

ಫಿಲ್ಟರ್‌ಗಳು ಬೆಳೆದದ್ದು ಇಂಗ್ಲಿಷ್ ಪತ್ರಗಳ ರಾಶಿಯ ಮೇಲೆ. ಕನ್ನಡ ಬರಹ ಅವುಗಳಿಗೆ ಕೆಲವು ವಿಶೇಷ ತೊಡಕುಗಳನ್ನು ಒಡ್ಡುತ್ತದೆ.

ಶಬ್ದಗಳನ್ನು ಎಣಿಸುವ ವಿಧಾನಕ್ಕೆ ಕನ್ನಡದ ವಿಭಕ್ತಿಪ್ರತ್ಯಯಗಳೇ ಅಡ್ಡಿ. ನೂಲು, ನೂಲಿನ, ನೂಲಿಗೆ, ನೂಲಿನಿಂದ, ನೂಲಿನಲ್ಲೂ ಎಂಬಿವು ಯಂತ್ರಕ್ಕೆ ಐದು ಬೇರೆ ಬೇರೆ ಶಬ್ದಗಳು. ಪ್ರತಿಯೊಂದೂ ಕಡಿಮೆ ಸಲ ಬರುವುದರಿಂದ ಯಾವುದರ ತೂಕವೂ ಗಟ್ಟಿಯಾಗುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ರೂಢಿಯಲ್ಲಿ ಒಂದೇ ಶಬ್ದಕ್ಕೆ ಹತ್ತು ಬಗೆಯ ಕಾಗುಣಿತ. ಜಮಖಂಡಿ, ಬನಹಟ್ಟಿ ಕಡೆಯ ವ್ಯಾಪಾರದ ಪತ್ರಗಳಲ್ಲಿ ಇವುಗಳ ಜೊತೆ ಮರಾಠಿ, ಹಿಂದಿಯೂ ಬೆರೆತಿರುತ್ತವೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. 'ಇನ್‌ಬಾಕ್ಸ್' ಎಂಬಲ್ಲಿ 'ನ್' ಮತ್ತು 'ಬಾ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಒಂದು ಯೂನಿಕೋಡ್ ಸಂಕೇತ ಕೂತಿದೆ. ಕನ್ನಡಕ್ಕೆ ಇದು ಸಹಜ ಅಗತ್ಯ. ಇಂಗ್ಲಿಷ್ ಸ್ಪ್ಯಾಮ್ ಕಳುಹಿಸುವವರು ಇದೇ ಜಾತಿಯ ಸಂಕೇತಗಳನ್ನು ಶಬ್ದಗಳ ನಡುವೆ ತೂರಿಸಿ ಫಿಲ್ಟರ್‌ನ ಕಣ್ಣು ತಪ್ಪಿಸುತ್ತಾರೆ. ಹಾಗಾಗಿ ಅಂಥ ಸಂಕೇತ ಕಂಡರೆ ಸಂಶಯದ ಅಂಕ ಕೊಡುವ ನಿಯಮಗಳು ಹುಟ್ಟಿಕೊಂಡವು. ಲಿಪಿಯ ಪರಿವೆಯಿಲ್ಲದೆ ಅವನ್ನು ಅನ್ವಯಿಸಿದರೆ ಶುದ್ಧ ಕನ್ನಡದ ಪತ್ರವೇ ತಪ್ಪು ಹಿಡಿತಕ್ಕೆ ಸಿಕ್ಕುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದು ಇಮೇಲ್‌ಗೆ ಅಂಟಿಸಿದ ಪಠ್ಯದ ಸ್ಥಿತಿ ಇನ್ನೂ ಕಷ್ಟ: ಆ ಫಾಂಟ್ ಇಲ್ಲದ ಕಡೆ ಅದು ಯಾವ ಭಾಷೆಗೂ ಸೇರದ ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಬರೆಯುವುದು, ಇಲ್ಲವೇ ಪಠ್ಯವನ್ನು ಪಿಡಿಎಫ್ ಮಾಡಿ ಲಗತ್ತಿಸುವುದು ಇದಕ್ಕೆ ಪರಿಹಾರ.

ಲಿಪಿಯನ್ನು ವಂಚನೆಗೂ ಬಳಸಬಹುದು. ಕನ್ನಡದ ಸೊನ್ನೆ ರೋಮನ್‌ನ 'ಓ' ಅಕ್ಷರದ ತದ್ರೂಪಿ. ಯೂನಿಕೋಡ್ ಸಂಸ್ಥೆಯ ಹೋಲುವ ಅಕ್ಷರಗಳ ಪಟ್ಟಿಯಲ್ಲಿ ಅದೂ ಇದೆ. ಇಂಥ ಬೆರಕೆ ಲಿಪಿಯ ಡೊಮೇನ್‌ಗಳನ್ನು ಬ್ರೌಸರುಗಳು ಈಗ ಅಸಲಿ ರೂಪದಲ್ಲಿ ತೋರಿಸುವುದಿಲ್ಲ. ಆದರೆ ಕಳುಹಿಸಿದವರ ಹೆಸರಿನಲ್ಲಿ, ವಿಷಯದ ಸಾಲಿನಲ್ಲಿ ಈ ತಡೆ ಇಲ್ಲ. ರೋಮನ್‌ನ ಆರ್ ಮತ್ತು ಎನ್ ಅಕ್ಷರಗಳನ್ನು ಜೋಡಿಸಿ ಎಂ ಕಾಣುವಂತೆ ಮಾಡುವ ಸರಳ ಉಪಾಯ ಮೊಬೈಲಿನ ಸಣ್ಣ ಪರದೆಯ ಮೇಲೆ ಇವತ್ತಿಗೂ ಸಾಕಾಗುತ್ತದೆ.

ಅಕ್ಷರಗಳ ತಿರುಚುವಿಕೆಗೆ ಬಗ್ಗದ, ಎಲ್ಲ ಲಿಪಿಗಳಿಗೂ ಹೊಂದುವ ರೆಟ್‌ವೆಕ್ ಎಂಬ ಪಠ್ಯ ವಿಧಾನವನ್ನು ಗೂಗಲ್ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಇದರಿಂದ ಜಿಮೇಲ್‌ನಲ್ಲಿ ಸ್ಪ್ಯಾಮ್ ಪತ್ತೆ ಶೇ. 38ರಷ್ಟು ಸುಧಾರಿಸಿತೆಂದೂ ತಪ್ಪು ಹಿಡಿತ ಶೇ. 19.4ರಷ್ಟು ತಗ್ಗಿತೆಂದೂ ಸಂಸ್ಥೆ ಹೇಳಿಕೊಂಡಿದೆ.

ಜಮಖಂಡಿ ಸೀಮೆಯಲ್ಲಿ ಇಮೇಲ್ ಬಳಕೆ

ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಯಪುರದಿಂದ ಬೇರೆಯಾಯಿತು. ಜಮಖಂಡಿ ಉಪವಿಭಾಗ ಕೇಂದ್ರ. ರಬಕವಿ-ಬನಹಟ್ಟಿ ಅವಳಿ ಪಟ್ಟಣ ನಂತರ ತಾಲ್ಲೂಕು ಕೇಂದ್ರವಾಯಿತು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗ, ವಿದ್ಯುತ್ ಮಗ್ಗ. ಮುಧೋಳ, ಜಮಖಂಡಿ, ಬೀಳಗಿ ಭಾಗದಲ್ಲಿ ಕಬ್ಬು ಮತ್ತು ಸಕ್ಕರೆ ಕಾರ್ಖಾನೆ. ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಇಲ್ಲಿನ ದಿನನಿತ್ಯದ ಮಾತುಕತೆ ನಡೆಯುವುದು ಫೋನ್ ಮತ್ತು ವಾಟ್ಸ್ಆ್ಯಪ್‌ನಲ್ಲಿ. ಇಮೇಲ್ ಬಂದದ್ದು ಹೆಚ್ಚಿನವರಿಗೆ ಬೇರೆ ಕಾರಣಗಳಿಂದ: ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಇಳಿಸಿಕೊಳ್ಳಲು ಗೂಗಲ್ ಖಾತೆ ಬೇಕು, 2017ರ ಜುಲೈ 1ರಿಂದ ಜಾರಿಯಾದ ಜಿಎಸ್‌ಟಿ ನೋಂದಣಿಗೆ ಇಮೇಲ್ ಬೇಕು, ವಿದ್ಯಾರ್ಥಿವೇತನ, ನೌಕರಿ, ಪ್ರವೇಶ ಪರೀಕ್ಷೆಗಳ ಅರ್ಜಿಯಲ್ಲಿ ಇಮೇಲ್ ಕಾಲಂ ತುಂಬಬೇಕು.

ಹೀಗೆ ತೆರೆದ ಖಾತೆಗಳ ನಿರ್ವಹಣೆಯ ಸಮಸ್ಯೆ ನಗರದ ಕಚೇರಿ ನೌಕರರದಕ್ಕಿಂತ ಬೇರೆ. ಮೊಬೈಲ್ ಅಂಗಡಿಯವರೋ ಕಂಪ್ಯೂಟರ್ ಸೆಂಟರಿನವರೋ ತೆರೆದುಕೊಟ್ಟ ಖಾತೆಯ ಪಾಸ್‌ವರ್ಡ್ ಮಾಲೀಕರಿಗೇ ಗೊತ್ತಿಲ್ಲದಿರುವುದುಂಟು. ಫೋನ್ ಬದಲಾದಾಗ ಹೊಸ ಖಾತೆ ತೆರೆದು ಹಳೆಯದನ್ನು ಕೈಬಿಡುತ್ತಾರೆ. ತೆರಿಗೆಯ ಸೂಚನೆಗಳು ಆ ಅನಾಥ ಖಾತೆಗೆ ಹೋಗುತ್ತಲೇ ಇರುತ್ತವೆ. ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಂದಣಿಯಲ್ಲಿ ಲೆಕ್ಕಪತ್ರ ನೋಡುವವರ ಇಮೇಲನ್ನೇ ಕೊಡುವ ಅಭ್ಯಾಸವೂ ಇದೆ. ಅಂಥ ಒಂದೇ ಇನ್‌ಬಾಕ್ಸ್‌ಗೆ ಹತ್ತಾರು ಅಂಗಡಿಗಳ ನೋಟಿಸು ಬಂದು ಬೀಳುತ್ತವೆ. ಸ್ಪ್ಯಾಮ್ ಕಡತ ನೋಡುವ ಹೊಣೆ ಯಾರದೆಂಬುದು ತೀರ್ಮಾನವಾಗಿರುವುದಿಲ್ಲ.

ಇನ್‌ಬಾಕ್ಸ್ ನಿರ್ವಹಣೆ

ಜಿಮೇಲ್‌ನಲ್ಲಿ ಸ್ಪ್ಯಾಮ್ ಕಡತಕ್ಕೆ ಬಿದ್ದ ಪತ್ರ 30 ದಿನಗಳಾದ ಮೇಲೆ ತಾನಾಗಿ ಅಳಿದುಹೋಗುತ್ತದೆ. ಆದ್ದರಿಂದ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿರುವವರು, ತೆರಿಗೆ ಪಾವತಿಸುವವರು ವಾರಕ್ಕೊಮ್ಮೆಯಾದರೂ ಆ ಕಡತ ತೆರೆಯುವುದು ಅಗತ್ಯ. ಅಲ್ಲಿ ಸಿಕ್ಕ ಸರಿಯಾದ ಪತ್ರವನ್ನು ಬರಿದೇ ಓದಿ ಬಿಡದೆ 'ನಾಟ್ ಸ್ಪ್ಯಾಮ್' ಒತ್ತಿದರೆ ಫಿಲ್ಟರ್ ಕಲಿಯುತ್ತದೆ. ಕಾಯಂ ವ್ಯವಹಾರದವರ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸುವುದು, ಅವರ ಹೆಸರಿಗೆ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಎಂಬ ಷರತ್ತಿನ ಫಿಲ್ಟರ್ ಮಾಡುವುದು ಇನ್ನೂ ಖಚಿತ. ಈ ಫಿಲ್ಟರನ್ನೂ ಬ್ರೌಸರಿನಲ್ಲೇ ರಚಿಸಬೇಕು.

ಬೇಡದ ಪತ್ರಗಳಲ್ಲಿ ಎರಡು ಜಾತಿಯನ್ನು ಬೇರ್ಪಡಿಸಿ ನೋಡಬೇಕು. ಹಿಂದೆ ಏನನ್ನೋ ಕೊಂಡ ಅಂಗಡಿ, ಹೆಸರು ನೋಂದಾಯಿಸಿದ ಜಾಲತಾಣಗಳ ಜಾಹೀರಾತಿಗೆ 'ಅನ್‌ಸಬ್‌ಸ್ಕ್ರೈಬ್' ಸರಿಯಾದ ದಾರಿ. ಎಂದೂ ಹೆಸರು ಕೇಳಿರದವರ ಪತ್ರದೊಳಗಿನ ಅದೇ ಗುಂಡಿ ಒತ್ತಿದರೆ 'ಈ ವಿಳಾಸದಲ್ಲಿ ಜನ ಇದ್ದಾರೆ' ಎಂದು ತಿಳಿಸಿಕೊಟ್ಟಂತೆ. ಅಂಥದ್ದಕ್ಕೆ 'ರಿಪೋರ್ಟ್ ಸ್ಪ್ಯಾಮ್' ಮಾತ್ರ. ಬರಿಯ 'ಬ್ಲಾಕ್' ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಸ್ಪ್ಯಾಮ್ ಕಳುಹಿಸುವವರು ವಿಳಾಸ ಬದಲಿಸುತ್ತಲೇ ಇರುತ್ತಾರೆ.

ಗಮನಕ್ಕೆ ಬಾರದೆ ಪತ್ರ ಕಳೆದುಹೋಗುವ ಇನ್ನೊಂದು ದಾರಿ ಜಾಗದ ಕೊರತೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಇಮೇಲ್ ಜೊತೆ ಫೋಟೊಗಳೂ, 2024ರಿಂದ ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಬ್ಯಾಕಪ್ಪೂ ಲೆಕ್ಕಕ್ಕೆ ಬರುತ್ತವೆ. ಮದುವೆ, ಜಾತ್ರೆಗಳ ವಿಡಿಯೊಗಳಿಂದ ಜಾಗ ತುಂಬಿದರೆ ಹೊಸ ಇಮೇಲ್ ಸ್ಪ್ಯಾಮ್ ಕಡತಕ್ಕೂ ಬರದೆ, ಕಳುಹಿಸಿದವರಿಗೇ ಹಿಂದಿರುಗುತ್ತದೆ.

ಖಾತೆಗೆ ಎರಡು ಹಂತದ ದೃಢೀಕರಣ ಇಡುವುದು, ಖಾತೆ ಮರುಪಡೆಯುವ ಮೊಬೈಲ್ ಸಂಖ್ಯೆ ತಮ್ಮದೇ ಇದೆಯೇ ಎಂದು ನೋಡಿಕೊಳ್ಳುವುದು, ಸೆಂಟರಿನಲ್ಲಿ ತೆರೆದ ಖಾತೆಯ ಪಾಸ್‌ವರ್ಡ್ ಮನೆಗೆ ಬಂದು ಬದಲಿಸುವುದು ಸೋಸುವಿಕೆಯ ಭಾಗವಲ್ಲವಾದರೂ ಬಿಲ್ಲು ತಿರುಚುವಂಥ ವಂಚನೆಗೆ ಇವೇ ತಡೆ.

ಕಾನೂನು

ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2003ರಲ್ಲಿ ಅಂಗೀಕಾರವಾಯಿತು. ಭಾರತದಲ್ಲಿ ಹಾಗೆ ಸ್ಪ್ಯಾಮ್ ಇಮೇಲ್‌ಗೆಂದೇ ಕಾಯ್ದೆ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ವಿಧಿಯ ಒಂದು ಭಾಗ, ಕಿರಿಕಿರಿ ಉಂಟುಮಾಡುವ ಅಥವಾ ಮೂಲವನ್ನು ಮರೆಮಾಚುವ ಇಮೇಲ್‌ಗಳನ್ನು ಅಪರಾಧವೆಂದಿತ್ತು. ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಇಡೀ ವಿಧಿಯನ್ನು ರದ್ದುಪಡಿಸಿದಾಗ ಅದೂ ಹೋಯಿತು. ವಂಚನೆಯ ಇಮೇಲ್‌ಗಳಿಗೆ ಗುರುತಿನ ಕಳವಿನ 66ಸಿ, ವೇಷ ಹಾಕಿ ವಂಚಿಸುವ 66ಡಿ ವಿಧಿಗಳು ಅನ್ವಯಿಸುತ್ತವೆ. 66ಡಿ ಅಡಿ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಫಿಶಿಂಗ್ ಕಾನೂನುಬಾಹಿರ ಕೃತ್ಯವೆಂದು ದೆಹಲಿ ಹೈಕೋರ್ಟ್ 2005ರಲ್ಲಿ ನಾಸ್ಕಾಮ್ ಪ್ರಕರಣದಲ್ಲಿ ಹೇಳಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳು ಕರೆ ಮತ್ತು ಎಸ್‌ಎಂಎಸ್‌ಗೆ ಸೀಮಿತ, ಇಮೇಲ್‌ಗಲ್ಲ. ಬೇಡದ ಕರೆಗಳನ್ನು ತಡೆಯುವ ಡಿಎನ್‌ಡಿ ನೋಂದಣಿಯಿಂದ ಇನ್‌ಬಾಕ್ಸ್‌ಗೆ ಏನೂ ಪ್ರಯೋಜನವಿಲ್ಲ.

ಹಣ ಕಳೆದುಕೊಂಡವರು ತಕ್ಷಣ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಗಿತ್ತು. ಈಗ ಜಿಲ್ಲೆಗೊಂದು ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆ ಇದ್ದು, ಜಮಖಂಡಿ ಸೀಮೆಯ ನಾಲ್ಕು ತಾಲ್ಲೂಕುಗಳಿಗೆ ಬಾಗಲಕೋಟೆಯದು. ದೂರಿನ ಜೊತೆ ಪತ್ರದ ಸ್ಕ್ರೀನ್‌ಶಾಟ್ ಸಾಲದು. ಹೆಡರ್ ಸಹಿತ ಮೂಲ ಪತ್ರವನ್ನು ಅಳಿಸದೆ ಇಟ್ಟುಕೊಳ್ಳುವುದು ತನಿಖೆಗೆ ಅನುಕೂಲ.

ಇಂದಿನ ಸ್ಥಿತಿ

2008-2010ರ ಅವಧಿಯಲ್ಲಿ ಜಗತ್ತಿನ ಇಮೇಲ್‌ನ ಬಹುಪಾಲು ಸ್ಪ್ಯಾಮ್ ಆಗಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಆ ಪಾಲು ಶೇ. 45.60, 2024ರಲ್ಲಿ ಶೇ. 47.27. ಪ್ರಮಾಣ ಇಳಿದಿದ್ದರೂ ಪತ್ರಗಳ ಗುಣಮಟ್ಟ ಏರಿದೆ. ಕಾಗುಣಿತದ ತಪ್ಪು, ಅಸಂಬದ್ಧ ಅನುವಾದಗಳಿಂದ ವಂಚನೆಯ ಪತ್ರವನ್ನು ಗುರುತಿಸಬಹುದೆಂಬ ಹಳೆಯ ಸಲಹೆ ಕನ್ನಡದಲ್ಲೂ ದುರ್ಬಲವಾಗುತ್ತಿದೆ. ಭಾಷಾ ಮಾದರಿಗಳು ತಕ್ಕಮಟ್ಟಿಗೆ ಸರಿಯಾದ ಕನ್ನಡವನ್ನೇ ಬರೆದುಕೊಡುತ್ತವೆ.

ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಸಗಟು ಕಳುಹಿಸುವವರಿಗೆ ಹೊಸ ಷರತ್ತು ಹಾಕಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರನ್ನೂ ಅಳವಡಿಸಿರಬೇಕು, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಸೌಲಭ್ಯ ಕೊಡಬೇಕು, ಸ್ಪ್ಯಾಮ್ ದೂರಿನ ಪ್ರಮಾಣವನ್ನು ಶೇ. 0.3ರ ಕೆಳಗೆ ಇಡಬೇಕು. ಮೈಕ್ರೊಸಾಫ್ಟ್ ಇದನ್ನೇ ಹೋಲುವ ನಿಯಮವನ್ನು 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು.

ಭಾರತೀಯ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಪ್ರತ್ಯೇಕ ಡೊಮೇನ್‌ಗೆ ಬದಲಾಗಲು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಅದರ ನೋಂದಣಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿ ಮೂಲಕ ಮಾತ್ರ ಆಗುವುದರಿಂದ ಬ್ಯಾಂಕಲ್ಲದವರಿಗೆ ಆ ಹೆಸರು ಸಿಗದು. ಆದೇಶ ಸಹಕಾರಿ ಬ್ಯಾಂಕುಗಳನ್ನೂ ಒಳಗೊಂಡಿದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಪತ್ತಿನ ಸಹಕಾರಿ ಸಂಘಗಳು ಇದರ ಹೊರಗಿವೆ. ಅವುಗಳ ಹೆಸರಿನಲ್ಲಿ ಬರುವ ಇಮೇಲ್‌ಗಳಿಗೆ ಈ ಗುರುತು ಇರುವುದಿಲ್ಲ.